ಮಕ್ಕಳ ಕೈಗೆ ಮಣ್ಣು: ಹದವೂ ಎಚ್ಚರವೂ

ಕಾರಹುಣ್ಣಿಮೆ ಕಳೆದು ಹದಿನೈದು ದಿನಗಳಾಗುತ್ತಲೇ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಜ್ಯೇಷ್ಠ ಮಾಸದ ಆ ದಿನ ಒಕ್ಕಲು ಮಕ್ಕಳ ಮನೆಗಳಲ್ಲಿ ಮಣ್ಣಿನ ಜೋಡೆತ್ತುಗಳೂ ಅವುಗಳ ಮುಂದೊಂದು ಗೋದಲಿಯೂ ಸಿದ್ಧವಾಗುತ್ತವೆ. ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಮುದ್ದೆಯಿಂದ ಕೋಡು ಎಳೆಯುತ್ತಾರೆ, ಹಿಣಿಲು ಎತ್ತುತ್ತಾರೆ, ಹೊಸೆದ ಕಾಲುಗಳನ್ನು ಮೈಗೆ ಅಂಟಿಸುತ್ತಾರೆ. ಮುಂದೆ ನಾಗರ ಪಂಚಮಿಗೆ ಮಣ್ಣಿನ ನಾಗ, ಭಾದ್ರಪದದಲ್ಲಿ ಗಣಪತಿ ಮತ್ತು ಜೋಕುಮಾರ. ತಿಗರಿಯ ನೆರವಿಲ್ಲದೆ ಬರಿಗೈಯಿಂದ ಮಣ್ಣಿಗೆ ರೂಪ ಕೊಡುವ ವಿದ್ಯೆ ನಮ್ಮ ಮಕ್ಕಳಿಗೆ ಹಬ್ಬಗಳ ಮೂಲಕವೇ ದೊರೆಯುತ್ತಾ ಬಂದಿದೆ.

ಈಚಿನ ವರ್ಷಗಳಲ್ಲಿ ಈ ಕೆಲಸ ಮನೆಯ ಪಡಸಾಲೆಯಿಂದ ಶಾಲೆಯ ಕೋಣೆಗೂ ಬಂದಿದೆ. ಮಣ್ಣಿನ ಗಣಪತಿಯನ್ನು ಮಕ್ಕಳಿಂದಲೇ ಮಾಡಿಸುವ ಶಾಲೆಗಳು ಹೆಚ್ಚಾಗಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನಗಳ ಕಾಲ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳುವಾಗ ಬಡಗಿ, ತೋಟಗಾರರೊಂದಿಗೆ ಕುಂಬಾರರನ್ನೂ ಹೆಸರಿಸಿದೆ. ಇದು ಸ್ವಾಗತಾರ್ಹ. ಆದರೆ ಮನೆಯಲ್ಲಿ ವರ್ಷಕ್ಕೊಮ್ಮೆ ಇಬ್ಬರು ಮಕ್ಕಳು ಒಂದು ಹಿಡಿ ಮಣ್ಣು ಹಿಡಿಯುವುದಕ್ಕೂ, ಶಾಲೆಯ ಕೋಣೆಯಲ್ಲಿ ವಾರವಾರವೂ ನಲವತ್ತು ಮಕ್ಕಳು ಇಪ್ಪತ್ತು ಕಿಲೋ ಮಣ್ಣನ್ನು ಬಳಸುವುದಕ್ಕೂ ಆರೋಗ್ಯದ ದೃಷ್ಟಿಯಿಂದ ದೊಡ್ಡ ಅಂತರವಿದೆ. ಆ ಅಂತರವನ್ನು ಅರಿತು ನಡೆಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಹೇಳಬೇಕಾದ ಮಾತಿನ ಸಾರವನ್ನು ಮೊದಲಿಗೇ ಹೇಳಿಬಿಡುವುದು ಒಳಿತು. ಒದ್ದೆಯಾಗಿರುವ ಮಣ್ಣು ಮಗುವಿಗೆ ಮಿತ್ರ. ಅದೇ ಮಣ್ಣು ಒಣಗಿ ಧೂಳಾಗಿ ಗಾಳಿಗೆ ಏರಿದಾಗ ಶ್ವಾಸಕೋಶಕ್ಕೆ ಶತ್ರು. ಆ ಧೂಳನ್ನು ಹೆಚ್ಚಾಗಿ ಕುಡಿಯುವವರು ಮಣ್ಣಿನಲ್ಲಿ ಆಡಿ ಮನೆಗೆ ಹೋಗುವ ಮಕ್ಕಳಿಗಿಂತಲೂ, ಎಲ್ಲರೂ ಹೋದ ಮೇಲೆ ಕೋಣೆಯನ್ನು ಗುಡಿಸುವವರು.

ತಿಗರಿಗೂ ಹಿಂದಿನ ವಿದ್ಯೆ

ದೇಶನೂರು ಇರುವ ಸಿರುಗುಪ್ಪ ತಾಲ್ಲೂಕಿನಲ್ಲೇ ತೆಕ್ಕಲಕೋಟೆ ಇದೆ. ಅಲ್ಲಿಯ ಕಲ್ಲುಬೆಟ್ಟಗಳ ಮೇಲೆ 1960ರ ದಶಕದ ಮೊದಲ ವರ್ಷಗಳಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ಉತ್ಖನನ ನಡೆಸಿ, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದರು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು ಇಂಥದೇ ನೆಲೆಯನ್ನು ಅಗೆದು ಅಧ್ಯಯನ ಮಾಡಿದ್ದರು. ಈ ಎರಡೂ ಕಡೆ ದೊರೆತ ಹಳೆಯ ಮಡಕೆಗಳಲ್ಲಿ ಹೆಚ್ಚಿನವು ಕೈಯಿಂದ ಕಟ್ಟಿದ ಬೂದುಬಣ್ಣದ ಪಾತ್ರೆಗಳು. ಅವುಗಳಲ್ಲಿ ಹಲವಕ್ಕೆ ಮೈಯನ್ನು ಉಜ್ಜಿ ನುಣುಪು ಕೊಡಲಾಗಿದೆ. ಬೇಗನೆ ತಿರುಗುವ ಚಕ್ರ ಬರುವ ಮೊದಲೇ ಈ ನೆಲದ ಜನ ಧಾನ್ಯ ತುಂಬುವ, ಅಡುಗೆ ಮಾಡುವ ಪಾತ್ರೆಗಳನ್ನು ಬೆರಳುಗಳಿಂದಲೇ ಕಟ್ಟುತ್ತಿದ್ದರು.

ಚಕ್ರ ಬಂದ ಮೇಲೂ ಕೈಯ ಕೆಲಸ ನಿಲ್ಲಲಿಲ್ಲ. ಕುಂಬಾರರು ತಿಗರಿಯಿಂದ ಇಳಿಸಿದ ಗಡಿಗೆಯ ಒಳಗೆ ಒಂದು ಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಅದರ ಹೊಟ್ಟೆಯನ್ನು ತೆಳುವಾಗಿ ಅಗಲಿಸುತ್ತಾರೆ. ಹರಿಹರನು ತನ್ನ ರಗಳೆಯಲ್ಲಿ ಚಿತ್ರಿಸಿರುವ ಕುಂಬಾರ ಗುಂಡಯ್ಯನ ಕಥೆಯನ್ನು ನಮ್ಮ ಓದುಗರು ಬಲ್ಲರು. ಗುಂಡಯ್ಯನು ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಒಲಿದು ಕುಣಿದನೆಂಬುದು ಆ ಕಥೆ. ಆ ತಟ್ಟುವಿಕೆಯೂ ಕೈಕೆಲಸದ ಒಂದು ಭಾಗವೇ. ಆದ್ದರಿಂದ ತಿಗರಿಯಿಲ್ಲದ ಶಾಲೆಯಲ್ಲಿ ಮಣ್ಣಿನ ಕೆಲಸ ಕಲಿಸಲಾಗದೆಂದು ಶಿಕ್ಷಕರು ಹಿಂಜರಿಯಬೇಕಿಲ್ಲ.

ಮಣ್ಣನ್ನು ತರುವಲ್ಲಿಯೇ ಎಚ್ಚರ

ಮಣ್ಣು ತರಲು ಮಕ್ಕಳನ್ನು ಕಳುಹಿಸಬಾರದು. ಇದು ಮೊದಲ ನಿಯಮ. ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿ, ಚೌತಿ, ಮೂರೂ ಮಳೆಗಾಲದ ಹಬ್ಬಗಳು. ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ಆ ದಿನಗಳಲ್ಲಿ ನೀರು ತುಂಬಿ ಸಮನೆಲದಂತೆ ತೋರುತ್ತವೆ. ಕಾಲಿಟ್ಟ ಮಗುವಿಗೆ ಆಳ ತಿಳಿಯುವುದಿಲ್ಲ. ಅಗೆದ ದಡ ಕುಸಿಯುವುದೂ ಉಂಟು, ಬಿರುಕುಗಳಲ್ಲಿ ಹಾವು ಚೇಳುಗಳಿರುವುದೂ ಉಂಟು. ಹಿರಿಯರಿಬ್ಬರು ಹೋಗಿ ಒಂದು ಗೋಣಿಚೀಲದಷ್ಟು ಮಣ್ಣು ತಂದರೆ ಒಂದು ತರಗತಿಗೆ ಸಾಕಾಗುತ್ತದೆ. ಊರಿನಲ್ಲಿ ಕುಂಬಾರರಿದ್ದರೆ ಅವರಿಂದ ಹದಗೊಳಿಸಿದ ಮಣ್ಣನ್ನೇ ಬೆಲೆ ಕೊಟ್ಟು ಕೊಳ್ಳುವುದು ಇನ್ನೂ ಒಳ್ಳೆಯದು. ಅವರಿಗೆ ಸಂಪಾದನೆಯಾಗುತ್ತದೆ, ಮಕ್ಕಳಿಗೆ ಗುರುವೂ ದೊರೆಯುತ್ತಾನೆ.

ಎರಡನೆಯ ನಿಯಮ, ಗದ್ದೆಯ ಮಣ್ಣು ಬೇಡ. ಸಿರುಗುಪ್ಪದ ಸೀಮೆಯು ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ನಾಡು. ಗದ್ದೆಗೆ ಕೀಟನಾಶಕ, ಕಳೆನಾಶಕ, ಗೊಬ್ಬರಗಳು ಬೀಳುತ್ತವೆ. ಇಲಿಗಳ ಮೂತ್ರದಿಂದ ಹರಡುವ ಇಲಿಜ್ವರದ ರೋಗಾಣುಗಳಿಗೂ ನಿಂತ ನೀರಿನ ಗದ್ದೆ ಅನುಕೂಲವಾದ ತಾಣ. ರಸ್ತೆ ಬದಿಯ ಚರಂಡಿಯ ಮಣ್ಣು, ತಿಪ್ಪೆಯ ಅಂಚಿನ ಮಣ್ಣು, ಬಯಲು ಶೌಚಕ್ಕೆ ಬಳಕೆಯಾಗುವ ನೆಲದ ಮಣ್ಣು ಕೂಡ ವರ್ಜ್ಯ. ತಂದ ಮಣ್ಣನ್ನು ಕೀಟನಾಶಕ ಅಥವಾ ರಸಗೊಬ್ಬರ ತುಂಬಿದ್ದ ಚೀಲಗಳಲ್ಲಿ ಶೇಖರಿಸಕೂಡದು.

ಅಪ್ಪಟ ಎರೆಮಣ್ಣಿನ ಗುಣವೊಂದನ್ನು ಶಿಕ್ಷಕರು ತಿಳಿದಿರಬೇಕು. ಬೇಸಿಗೆಯಲ್ಲಿ ನಮ್ಮ ಎರೆಹೊಲಗಳು ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ನೀರು ಹೀರಿದಾಗ ಅತಿಯಾಗಿ ಉಬ್ಬಿ, ಒಣಗಿದಾಗ ಅತಿಯಾಗಿ ಕುಗ್ಗುವ ಬಗೆಯ ಜೇಡಿಯು ಅದರಲ್ಲಿ ಹೆಚ್ಚಾಗಿದೆ. ಅದರಿಂದ ಮಾಡಿದ ಮಡಕೆಯೂ ಹೊಲದಂತೆಯೇ ಬಿರಿಯುತ್ತದೆ. ಹಬ್ಬದ ಎತ್ತುಗಳಿಗೆ ಅದು ಸಾಕು. ಬಾಳುವ ಪಾತ್ರೆಗೆ ಕೆರೆಯಂಗಳದ ಜೇಡಿಮಣ್ಣಿಗೆ ಸಣ್ಣ ಮರಳನ್ನು ಬೆರೆಸಬೇಕು. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಮರಳಿನಿಂದ ಆರಂಭಿಸಿ, ಒಂದು ಚಿಕ್ಕ ಬಿಲ್ಲೆ ಮಾಡಿ ಒಣಗಿಸಿ, ಬಿರುಕು ಬಿಟ್ಟರೆ ಮರಳನ್ನು ಸ್ವಲ್ಪ ಹೆಚ್ಚಿಸುವುದು ಸರಳವಾದ ಪರೀಕ್ಷೆ.

ಹದ ಮಾಡುವ ಕ್ರಮ

ಒಣ ಹೆಂಟೆಗಳನ್ನು ಕುಟ್ಟಿ ಪುಡಿಮಾಡಿ ಜರಡಿ ಹಿಡಿಯುವ ಪದ್ಧತಿ ಅನೇಕ ಕಡೆ ಇದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಧೂಳು ಏಳುವುದು ಇಲ್ಲಿಯೇ. ಇದನ್ನು ಶಾಲೆಯಲ್ಲಿ ಮಾಡಲೇಬಾರದು. ಅದರ ಬದಲು ಹೆಂಟೆಗಳನ್ನು ಹಾಗೆಯೇ ದೊಡ್ಡ ಬಕೆಟ್ಟಿನಲ್ಲಿ ಹಾಕಿ, ಮುಳುಗುವಷ್ಟು ನೀರು ಸುರಿದು, ಎರಡು ಮೂರು ದಿನ ಬಿಡಬೇಕು. ಚೆನ್ನಾಗಿ ಒಣಗಿದ ಹೆಂಟೆ ನೀರಿನಲ್ಲಿ ತಾನಾಗಿಯೇ ಬಿಚ್ಚಿಕೊಂಡು ಕರಗುತ್ತದೆ. ಆ ಬಗ್ಗಡವನ್ನು ಹಳೆಯ ಬಟ್ಟೆಯಲ್ಲೋ ಜರಡಿಯಲ್ಲೋ ಸೋಸಿದರೆ ಕಲ್ಲು, ಗಾಜಿನ ಚೂರು, ಮುಳ್ಳು, ಬೇರುಗಳು ಹೊರಬರುತ್ತವೆ. ಮಗುವಿನ ಬೆರಳನ್ನು ಗಾಯದಿಂದ ಕಾಪಾಡುವ ಹಂತವೂ ಇದೇ. ಮೇಲಿನ ತಿಳಿನೀರನ್ನು ಬಸಿದು, ಕೆಳಗಿನ ಮಣ್ಣನ್ನು ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿಟ್ಟರೆ ಒಂದೆರಡು ದಿನಗಳಲ್ಲಿ ಕೈಗೆ ಅಂಟದ ಹದಕ್ಕೆ ಬರುತ್ತದೆ. ಮರಳನ್ನು ಬೆರೆಸುವಾಗಲೂ ಮೊದಲು ಅದಕ್ಕೆ ನೀರು ಚಿಮುಕಿಸಬೇಕು.

ನಮ್ಮ ಭಾಗದ ಅಕ್ಕಿ ಗಿರಣಿಗಳ ಬಳಿ ಭತ್ತದ ಹೊಟ್ಟಿನ ಬೂದಿ ಧಾರಾಳವಾಗಿ ಸಿಗುತ್ತದೆ. ಕೆಲವರು ಅದನ್ನು ಮಣ್ಣಿಗೆ ಬೆರೆಸುವುದುಂಟು. ಈ ಬೂದಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಿಲಿಕವೇ ಇರುತ್ತದೆ, ಮತ್ತು ಅದು ಅತಿ ಹಗುರವಾಗಿ ಹಾರುತ್ತದೆ. ಮಕ್ಕಳ ತರಗತಿಗೆ ಅದು ಬೇಡ.

ಹದಗೊಂಡ ಮಣ್ಣನ್ನು ರೊಟ್ಟಿಯ ಹಿಟ್ಟಿನಂತೆ ನಾದಬೇಕು. ಒಳಗೆ ಉಳಿದ ಗಾಳಿಯ ಗುಳ್ಳೆಗಳು ಹೋಗಬೇಕು, ತೇವ ಎಲ್ಲೆಡೆ ಸಮನಾಗಬೇಕು. ತೋಳಿನ ಬಲವೊಂದರಿಂದ ನಾದಿದರೆ ಮಣಿಕಟ್ಟು ನೋಯುತ್ತದೆ. ಮೊಣಕಾಲೂರಿ ಅಥವಾ ನಿಂತು, ಮೈಭಾರವನ್ನು ಮುಂದಕ್ಕೆ ಹಾಕಿ ಅಂಗೈಯಿಂದ ಒತ್ತುವುದನ್ನು ಮಕ್ಕಳಿಗೆ ಮೊದಲೇ ತೋರಿಸಬೇಕು. ಒಬ್ಬ ವಿದ್ಯಾರ್ಥಿಗೆ ಅರ್ಧ ಕಿಲೋಗಿಂತ ಹೆಚ್ಚು ಮಣ್ಣು ಬೇಕಾಗುವುದಿಲ್ಲ.

ಮೂರು ಸರಳ ವಿಧಾನಗಳು

ಮೊದಲನೆಯದು ಚಿವುಟಿ ಮಾಡುವ ಬಟ್ಟಲು. ಕಿತ್ತಳೆ ಹಣ್ಣಿನ ಗಾತ್ರದ ಉಂಡೆಯನ್ನು ಎಡ ಅಂಗೈಯಲ್ಲಿಟ್ಟು, ಬಲಗೈ ಹೆಬ್ಬೆರಳನ್ನು ನಡುವೆ ಒತ್ತಬೇಕು. ತಳದಲ್ಲಿ ಒಂದು ಬೆರಳಿನ ದಪ್ಪದಷ್ಟು ಮಣ್ಣು ಉಳಿದಾಗ ನಿಲ್ಲಿಸಿ, ಉಂಡೆಯನ್ನು ತಿರುಗಿಸುತ್ತಾ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಗೋಡೆಯನ್ನು ಮೆಲ್ಲಗೆ ಚಿವುಟಿ ಮೇಲಕ್ಕೆ ತರಬೇಕು. ಗೋಡೆ ಎಲ್ಲ ಕಡೆಯೂ ಸಮ ದಪ್ಪವಿರುವುದು ಮುಖ್ಯ. ದಪ್ಪ ಭಾಗವೂ ತೆಳು ಭಾಗವೂ ಬೇರೆ ಬೇರೆ ವೇಗದಲ್ಲಿ ಒಣಗಿ, ಅವೆರಡು ಕೂಡುವಲ್ಲಿ ಬಿರುಕು ಹುಟ್ಟುತ್ತದೆ. ದೀಪದ ಹಣತೆ ಈ ವಿಧಾನದ ಮೊದಲ ಪಾಠವಾಗಲು ತಕ್ಕದ್ದು.

ಎರಡನೆಯದು ಸುರುಳಿ ಸುತ್ತುವ ವಿಧಾನ. ಶ್ಯಾವಿಗೆ ಹೊಸೆದಂತೆ, ಆದರೆ ಕಿರುಬೆರಳಿನ ದಪ್ಪಕ್ಕೆ, ಮಣ್ಣನ್ನು ಹೊಸೆಯಬೇಕು. ದುಂಡನೆಯ ಬಿಲ್ಲೆಯೊಂದರ ಅಂಚಿನ ಮೇಲೆ ಅದನ್ನು ಸುತ್ತಿ, ಒಂದರ ಮೇಲೊಂದು ಸುತ್ತು ಏರಿಸುತ್ತಾ ಹೋಗಬೇಕು. ಪ್ರತಿ ಸುತ್ತನ್ನೂ ಒಳಗಡೆಯಿಂದ ಬೆರಳಿನಲ್ಲಿ ಕೆಳಕ್ಕೆ ಎಳೆದು ಕೆಳಗಿನ ಸುತ್ತಿಗೆ ಬೆಸೆಯದಿದ್ದರೆ, ನೋಡಲು ಚೆಂದವಾದ ಪಾತ್ರೆ ಒಣಗಿದ ದಿನ ಬಳೆಬಳೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ದಿನ ಎತ್ತರಕ್ಕೆ ಏರಿಸಬಾರದು. ಕೆಳಗಿನ ಭಾಗ ಸ್ವಲ್ಪ ಗಟ್ಟಿಯಾದ ಮೇಲೆಯೇ ಮೇಲಿನದನ್ನು ಹೊರಬಲ್ಲದು.

ಮೂರನೆಯದು ತಟ್ಟಿದ ಹಾಳೆಯ ವಿಧಾನ. ಜೋಳದ ರೊಟ್ಟಿ ತಟ್ಟುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಹೊಸದೆನಿಸದು. ಗೋಣಿಬಟ್ಟೆಯ ಮೇಲೆ ಮಣ್ಣನ್ನು ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ತಟ್ಟಿ, ನೂಲಿನಿಂದ ಬೇಕಾದ ಆಕಾರಕ್ಕೆ ಕತ್ತರಿಸಿ, ಅರ್ಧ ದಿನ ಬಿಟ್ಟು ಸ್ವಲ್ಪ ಬಿಗಿಯಾದ ಮೇಲೆ ಜೋಡಿಸಬೇಕು. ಜೋಡಿಸುವ ಎರಡೂ ಅಂಚುಗಳನ್ನು ಕಡ್ಡಿಯಿಂದ ಗೀರಿ, ಬಗ್ಗಡ ಸವರಿ, ಒತ್ತಿ ಹಿಡಿಯಬೇಕು. ಎತ್ತಿನ ಕಾಲು ಮುರಿದುಬೀಳುವುದೂ ಗಣಪತಿಯ ಸೊಂಡಿಲು ಕಳಚುವುದೂ ಈ ಗೀರುವ ಕೆಲಸವನ್ನು ಮರೆತಾಗಲೇ. ಚೂಪಾದ ಚಾಕು, ಬ್ಲೇಡುಗಳ ಅವಶ್ಯಕತೆ ಈ ಮೂರರಲ್ಲಿ ಯಾವುದಕ್ಕೂ ಇಲ್ಲ. ಅಡುಗೆಮನೆಯಿಂದ ತಂದ ಲಟ್ಟಣಿಗೆ, ಚಮಚಗಳು ಒಮ್ಮೆ ಮಣ್ಣಿಗೆ ಬಂದರೆ ಮತ್ತೆ ಅಡುಗೆಗೆ ಮರಳಬಾರದು.

ಒಣಗುವ ತಾಳ್ಮೆ, ಬೆಂಕಿಯ ಅಂತರ

ಮಾಡಿದ ವಸ್ತುಗಳನ್ನು ಬಿಸಿಲಿಗಿಡದೆ ನೆರಳಿನಲ್ಲಿ, ಮೊದಲೆರಡು ದಿನ ಒದ್ದೆ ಬಟ್ಟೆ ಹೊದಿಸಿ, ಒಟ್ಟು ಒಂದು ವಾರವಾದರೂ ಒಣಗಿಸಬೇಕು. ಒಣಗಿತೇ ಎಂದು ತಿಳಿಯಲು ಪಾತ್ರೆಯನ್ನು ಕೆನ್ನೆಗೆ ತಾಗಿಸಿ ನೋಡಬಹುದು. ತಣ್ಣಗೆನಿಸಿದರೆ ಒಳಗಿನ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ. ಅಂಥ ಪಾತ್ರೆ ಬೆಂಕಿಗೆ ಹೋದರೆ ಒಳಗಿನ ನೀರು ಹಠಾತ್ತನೆ ಆವಿಯಾಗಿ ಸಿಡಿಯುತ್ತದೆ. ಚೂರುಗಳು ಕಣ್ಣಿಗೆ ಬಡಿಯಬಲ್ಲವು.

ಮಣ್ಣು ಮಡಕೆಯಾಗುವುದು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಜೇಡಿಯ ಕಣದೊಳಗೇ ಬಂಧಿತವಾಗಿರುವ ನೀರಿನ ಅಂಶ ಆಗ ಹೊರಟುಹೋಗುತ್ತದೆ, ಮತ್ತೆ ನೀರಿಗೆ ಹಾಕಿದರೂ ಅದು ಕರಗುವುದಿಲ್ಲ. ಸೌದೆ ಮತ್ತು ಕುಳ್ಳಿನ ಆವಿಗೆ ಈ ಉಷ್ಣತೆಯನ್ನು ದಾಟುತ್ತದೆ. ಶಾಲೆಯ ಅಂಗಳದಲ್ಲಿ ಅದನ್ನು ಹೂಡುವ ಸಾಹಸ ಬೇಡ. ಒಣಗಿದ ವಸ್ತುಗಳನ್ನು ಕುಂಬಾರರ ಆವಿಗೆಗೇ ಒಪ್ಪಿಸಬೇಕು. ಮಕ್ಕಳು ನೋಡಲು ಹೋದರೆ ಹೊಗೆ ಬೀಸುವ ದಿಕ್ಕಿಗೆ ವಿರುದ್ಧವಾಗಿ ದೂರದಲ್ಲಿ ನಿಲ್ಲಬೇಕು. ದಮ್ಮು ಇರುವ ಮಗುವನ್ನು ಹೊಗೆಯ ಬಳಿ ಕರೆದೊಯ್ಯಲೇಬಾರದು. ಸುಡದೆ ಬಿಟ್ಟರೂ ಕೊರತೆಯಿಲ್ಲ. ಹಸಿಮಣ್ಣಿನ ಎತ್ತು ನೀರಿಗೆ ಹೋಗಿ ಮತ್ತೆ ಮಣ್ಣಾಗುವುದೇ ನಮ್ಮ ರೂಢಿ.

ಧೂಳು ಶ್ವಾಸಕೋಶದಲ್ಲಿ ಮಾಡುವುದೇನು?

ಮರಳಿನಲ್ಲಿರುವ ಸ್ಫಟಿಕರೂಪದ ಸಿಲಿಕವು ಬಹುಪಾಲು ಜೇಡಿಮಣ್ಣುಗಳಲ್ಲಿಯೂ ಅಷ್ಟಿಷ್ಟು ಇರುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗಿನಲ್ಲೋ ಗಂಟಲಿನಲ್ಲೋ ಸಿಕ್ಕಿಕೊಂಡು ಕಫದೊಂದಿಗೆ ಹೊರಬರುತ್ತದೆ. ಹಾನಿ ಮಾಡುವುದು ಕಣ್ಣಿಗೆ ಕಾಣದ, 10 ಮೈಕ್ರಾನಿಗಿಂತ ಸಣ್ಣದಾದ ಧೂಳು. ಅದರಲ್ಲಿಯೂ ಅತಿ ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವ ರಕ್ಷಕ ಜೀವಕೋಶಗಳು ಅವುಗಳನ್ನು ನುಂಗುತ್ತವೆಯಾದರೂ ಜೀರ್ಣಿಸಲಾರದೆ ತಾವೇ ಸಾಯುತ್ತವೆ. ಹೀಗೆ ಪದೇ ಪದೇ ಆದಾಗ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆದು, ಶ್ವಾಸಕೋಶ ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್. ಕಟ್ಟಿದ ಕಲೆಯನ್ನು ಕರಗಿಸುವ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಇಂಥವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಕೆಲಸದ ತಾಣಗಳ ಈ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ನಮ್ಮ ದೇಶದಲ್ಲಿ ಇದರ ಕಹಿ ಅನುಭವವಿದೆ. ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ಕಡ್ಡಿಗಳನ್ನು ಮಧ್ಯಪ್ರದೇಶದ ಮಂದಸೋರಿನಲ್ಲಿ ಕಲ್ಲಿನಿಂದ ಕೊಯ್ದು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲೇ ಸಿಲಿಕೋಸಿಸ್‌ಗೆ ತುತ್ತಾದರು. 1948ರ ಕಾರ್ಖಾನೆ ಕಾಯ್ದೆಯು ಈ ರೋಗವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಟ್ಟಿತು. ಆದರೆ ಮನೆಯ ಅಂಗಳದಲ್ಲೇ ದುಡಿಯುವ ಕುಂಬಾರರ ಕುಟುಂಬ ಯಾವ ಕಾರ್ಖಾನೆಯ ಲೆಕ್ಕಕ್ಕೂ ಬರುವುದಿಲ್ಲ.

ಪಾಲಕರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ದೀರ್ಘಕಾಲಿಕ ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಧೂಳು ಕುಡಿದವರಲ್ಲಿ ತೋರುವ ರೋಗ. ವಾರಕ್ಕೊಂದು ತಾಸು ಒದ್ದೆ ಮಣ್ಣಿನಲ್ಲಿ ಕೈಯಾಡಿಸುವ ಮಗುವಿಗೆ ಅದರ ಭಯವಿಲ್ಲ. ಆದರೆ ಆ ಮಗುವೇ ನಾಳೆ ಈ ಕಸುಬನ್ನು ಹಿಡಿಯಬಹುದು. ಒಳ್ಳೆಯ ಅಭ್ಯಾಸ ಕೂರುವುದು ಎಳೆಯ ಕೈಯಲ್ಲಿಯೇ.

ಗುಡಿಸುವ ಕೈಯನ್ನು ನೆನೆಯೋಣ

ತರಗತಿ ಮುಗಿದಾಗ ನೆಲದ ಮೇಲೆ ಮಣ್ಣಿನ ತುಣುಕುಗಳು ಉಳಿದಿರುತ್ತವೆ. ಅವು ಒಣಗಿ, ಮಕ್ಕಳ ಕಾಲ್ತುಳಿತಕ್ಕೆ ಪುಡಿಯಾಗುತ್ತವೆ. ಮರುದಿನ ಬೆಳಿಗ್ಗೆ ಸ್ವಚ್ಛತೆಯ ಕೆಲಸದಾಕೆ ಬಂದು, ಕಸಬರಿಗೆ ಹಿಡಿದು ಬಾಗಿ ಗುಡಿಸುತ್ತಾಳೆ. ಆಕೆಯ ಮುಖ ಧೂಳಿಗೆ ಎಲ್ಲರಿಗಿಂತ ಸಮೀಪದಲ್ಲಿರುತ್ತದೆ. ಕಣ್ಣಿಗೆ ಕಾಣುವ ಧೂಳು ಬೇಗನೆ ಕೆಳಗಿಳಿಯುತ್ತದೆ. ಅಪಾಯಕಾರಿಯಾದ ಸೂಕ್ಷ್ಮ ಧೂಳು ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತಿದ್ದು, ಆಮೇಲೆ ಬಂದು ಕುಳಿತ ಮಕ್ಕಳ ಉಸಿರಿಗೂ ಸೇರುತ್ತದೆ. ಮೂಗಿಗೆ ಸೆರಗನ್ನೋ ಕರವಸ್ತ್ರವನ್ನೋ ಕಟ್ಟಿಕೊಂಡರೆ ಈ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ. ಒಣ ಪುಡಿಯ ಕೆಲಸ ತಪ್ಪಿಸಲಾಗದಿದ್ದಾಗ ಹಿರಿಯರು ಎನ್-95 ಬಗೆಯ ಮುಖಗವಸನ್ನು ಮುಖಕ್ಕೆ ಬಿಗಿಯಾಗಿ ಧರಿಸಬೇಕು. ಧೂಳನ್ನು ಏಳಿಸಿ ಆಮೇಲೆ ಮೂಗು ಮುಚ್ಚುವುದಕ್ಕಿಂತ ಧೂಳನ್ನೇ ಏಳಿಸದಿರುವುದು ಮೇಲು.

ಅದಕ್ಕೆ ಹೆಚ್ಚಿನ ಖರ್ಚೇನೂ ಬೇಡ, ಎರಡು ಬಕೆಟ್ ನೀರು ಮತ್ತು ಕೆಲವು ಹಳೆಯ ಬಟ್ಟೆಗಳು ಸಾಕು. ಮಣ್ಣು ಇನ್ನೂ ಒದ್ದೆಯಾಗಿರುವಾಗಲೇ, ಪಾಠದ ಕೊನೆಯ ಹತ್ತು ನಿಮಿಷಗಳಲ್ಲಿ, ಮಕ್ಕಳೇ ತಾವು ಕುಳಿತ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ನೀರು ತಿಳಿಯಾದ ಮೇಲೆ ಮೇಲಿನದನ್ನು ಗಿಡಗಳಿಗೆ ಸುರಿದು, ತಳದ ಮಣ್ಣನ್ನು ಮುಂದಿನ ವಾರಕ್ಕೆ ಕೂಡಿಡಬೇಕು. ಮೋರಿಗೆ ಸುರಿದರೆ ಮೋರಿ ಕಟ್ಟುತ್ತದೆ. ಒಣಗಿದ ವಸ್ತುವನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುವುದು ಬೇಡ. ಅರೆಬರೆ ಒಣಗಿರುವಾಗಲೇ ಒದ್ದೆ ಬೆರಳಿನಿಂದಲೋ ನುಣುಪಾದ ಹೊಳೆಗಲ್ಲಿನಿಂದಲೋ ತಿಕ್ಕಿದರೆ ಸಾಕು. ತೆಕ್ಕಲಕೋಟೆಯ ಮಡಕೆಗಳ ಹೊಳಪೂ ಉಜ್ಜಿದ ಹೊಳಪೇ. ಬಟ್ಟೆಗೆ ಹತ್ತಿದ ಮಣ್ಣನ್ನು ಝಾಡಿಸದೆ ನೀರಿನಲ್ಲಿ ಅದ್ದಬೇಕು. ಒಣಗಿದ ಮಣ್ಣು ಇರುವ ಕೋಣೆಯಲ್ಲಿ ಫ್ಯಾನ್ ಹಾಕಬಾರದು.

ಬಣ್ಣ, ಸುಣ್ಣ, ಪ್ಲಾಸ್ಟರ್

ಇಟಲಿಯ ವೈದ್ಯ ರಾಮಝೀನಿಯು 1700ರಲ್ಲಿ ಪ್ರಕಟಿಸಿದ, ಕಸುಬುದಾರರ ರೋಗಗಳನ್ನು ಕುರಿತ ಗ್ರಂಥದಲ್ಲಿ ಕುಂಬಾರರಿಗೆಂದೇ ಒಂದು ಅಧ್ಯಾಯವಿದೆ. ಪಾತ್ರೆಗೆ ಹೊಳಪು ಕೊಡಲು ಸೀಸವನ್ನು ಅರೆದು ಹಚ್ಚುತ್ತಿದ್ದ ಕುಂಬಾರರ ಕೈ ನಡುಗುವುದನ್ನೂ ಆಮೇಲೆ ಅವರು ಲಕ್ವಕ್ಕೆ ತುತ್ತಾಗುವುದನ್ನೂ ಆತ ಅಲ್ಲಿ ವರ್ಣಿಸಿದ್ದಾನೆ. ಸೀಸದ ವಿಷ ಮಕ್ಕಳ ಬೆಳೆಯುವ ಮಿದುಳಿಗೆ ಇನ್ನೂ ಹೆಚ್ಚಿನ ಹಾನಿ ಮಾಡುತ್ತದೆ. ನಮ್ಮಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಕೂಡದೆಂದು 2016ರ ನಿಯಮಗಳು ವಿಧಿಸಿವೆ. ಆದರೂ ಹೆಸರಿಲ್ಲದ ಡಬ್ಬಿಗಳ ಹೊಳೆಯುವ ಬಣ್ಣಗಳನ್ನು ಮಕ್ಕಳಿಗೆ ಕೊಡದಿರುವುದೇ ಕ್ಷೇಮ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿದರೆ ಅಂದವಾದ ಕೆಂಪು ಸಿಗುತ್ತದೆ. ಬಿಳುಪಿಗಾಗಿ ಸುಣ್ಣವನ್ನು ಮಾತ್ರ ಬಳಸಬಾರದು. ಕಣ್ಣಿಗೆ ಸಿಡಿದ ಸುಣ್ಣ ಕಣ್ಣಿನ ಪಾರದರ್ಶಕ ಪೊರೆಯನ್ನೇ ಸುಟ್ಟು ದೃಷ್ಟಿ ಕಳೆಯಬಲ್ಲದು. ಹಾಗೇನಾದರೂ ಆದರೆ ಕಣ್ಣನ್ನು ತಿಕ್ಕದೆ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಅರ್ಧ ತಾಸಿನಷ್ಟು ಎಡೆಬಿಡದೆ ಹಾಯಿಸಿ, ಕೂಡಲೇ ನೇತ್ರವೈದ್ಯರಲ್ಲಿಗೆ ಒಯ್ಯಬೇಕು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಮಣ್ಣಿನ ಬದಲಿಯೆಂದು ತಿಳಿಯುವುದು ತಪ್ಪು. ನೀರು ಬೆರೆತಾಗ ಅದು ಬಿಸಿಯೇರಿ ಗಟ್ಟಿಯಾಗುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಕೈಗಳ ಅಚ್ಚು ತೆಗೆಯಲು ಅದರಲ್ಲಿ ಕೈಯಿಟ್ಟಳು. ಗಟ್ಟಿಯಾದ ಪ್ಲಾಸ್ಟರಿನಿಂದ ಕೈ ಹೊರಬರಲಿಲ್ಲ. ಸುಟ್ಟ ಬೆರಳುಗಳಲ್ಲಿ ಹೆಚ್ಚಿನವನ್ನು ವೈದ್ಯರು ಕತ್ತರಿಸಬೇಕಾಯಿತು. ಇಂಥ ವಸ್ತುವಿನಲ್ಲಿ ಮಗುವಿನ ಕೈಯನ್ನು ಎಂದಿಗೂ ಹುದುಗಿಸಬಾರದು. ವಿಗ್ರಹಗಳಿಗೆ ಅದನ್ನು ಬಳಸುವುದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ನಿಷೇಧಿಸಿದೆ.

ಬಾಯಿ, ಉಗುರು, ಗಾಯ

ಮಣ್ಣಿನ ಕೆಲಸದ ನಡುವೆ ತಿನ್ನುವುದು, ಕುಡಿಯುವುದು, ಬೆರಳನ್ನು ಬಾಯಿಗಿಡುವುದು ಸಲ್ಲದು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆದು, ಉಗುರಿನ ಸಂದುಗಳನ್ನು ಕಡ್ಡಿಯಿಂದ ಸ್ವಚ್ಛಗೊಳಿಸಬೇಕು. ಕರುಳಿನ ಜಂತುಗಳ ಮೊಟ್ಟೆಗಳು ಮಣ್ಣಿನ ಮೂಲಕವೇ ಬಾಯಿ ಸೇರುತ್ತವೆ, ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಒಳನುಗ್ಗುತ್ತವೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬಾರದು. ಕೈಯಲ್ಲಿ ಗಾಯವಿದ್ದ ಮಗು ಅಂದು ನೋಡಿ ಕಲಿಯಲಿ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಬಾಳುವುದರಿಂದ, 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರ ಉಚಿತವಾಗಿ ಕೊಡುವ ಟಿ.ಡಿ. ಚುಚ್ಚುಮದ್ದು ಆಗಿದೆಯೇ ಎಂಬುದನ್ನು ಶಿಕ್ಷಕರು ವಿಚಾರಿಸಿಕೊಳ್ಳಬೇಕು. ಒಣಗಿ ಬಿರಿಯುವ ಕೈಗೆ ತೊಳೆದ ಮೇಲೆ ತುಸು ಕೊಬ್ಬರಿ ಎಣ್ಣೆ ಸವರಿದರೆ ಹಿತ.

ಮಣ್ಣಿನ ತರಗತಿಯಲ್ಲಿ ಯಾವುದಾದರೂ ಮಗು ಗುಟ್ಟಾಗಿ ಮಣ್ಣನ್ನು ತಿನ್ನುತ್ತಿರುವುದು ಕಂಡರೆ ಗದರಿಸಬಾರದು. ಮಣ್ಣು ತಿನ್ನುವ ಚಟದ ಹಿಂದೆ ಹಲವು ಸಲ ರಕ್ತಹೀನತೆ ಇರುತ್ತದೆ. ಕೆಲವು ಗರ್ಭಿಣಿಯರಲ್ಲಿಯೂ ಈ ಬಯಕೆ ಕಾಣುತ್ತದೆ. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸುವುದು ನಮ್ಮ ಕರ್ತವ್ಯ.

ನೆನಪಿಡಲು

1. ಮಣ್ಣನ್ನು ಹಿರಿಯರೇ ತರಲಿ. ಗದ್ದೆ, ಚರಂಡಿಗಳ ಮಣ್ಣು ಬೇಡ.
2. ಒಣ ಮಣ್ಣನ್ನು ಕುಟ್ಟಬೇಡಿ, ನೀರಿನಲ್ಲಿ ನೆನೆಯಲು ಬಿಡಿ.
3. ಒಣ ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ.
4. ಸುಡುವ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿ.
5. ಮಕ್ಕಳು ಮಾಡಿದ ಪಾತ್ರೆಯನ್ನು ಸಸಿ ನೆಡಲು, ದೀಪ ಹಚ್ಚಲು ಬಳಸಿ, ಊಟಕ್ಕೆ ಬೇಡ.
6. ಕೆಲಸ ಮುಗಿದೊಡನೆ ಸಾಬೂನು, ಆಮೇಲೆಯೇ ತಿಂಡಿ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಊರಿನ ಕುಂಬಾರರ ಮನೆಯಲ್ಲಿ, ಶಾಲೆಯನ್ನು ಗುಡಿಸುವವರಲ್ಲಿ, ಕಲ್ಲು ಒಡೆಯುವವರಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಅಥವಾ ನಡೆದರೆ ಏದುಸಿರು ಇದ್ದರೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಉಚಿತ. ವೈದ್ಯರಿಗೆ ಕೆಮ್ಮಿನ ಜೊತೆಗೆ ಕಸುಬನ್ನೂ ಹೇಳಿರಿ. ಇಷ್ಟು ವರ್ಷ ಧೂಳಿನಲ್ಲಿ ದುಡಿದವರೆಂಬ ಒಂದು ಮಾತಿನಿಂದಲೇ ಎದೆಯ ಎಕ್ಸ್‌-ರೇಯನ್ನು ವೈದ್ಯರು ನೋಡುವ ದೃಷ್ಟಿ ಬದಲಾಗುತ್ತದೆ. ದೀಪಾವಳಿಗೆ ಹಣತೆಯನ್ನೂ ಬೇಸಿಗೆಗೆ ತಣ್ಣನೆಯ ಕೊಡವನ್ನೂ ನಮಗೆ ಕೊಟ್ಟವರ ಉಸಿರನ್ನು ಕಾಯುವುದು ನಮ್ಮೆಲ್ಲರ ಹೊಣೆ. ಮಣ್ಣಿನ ಪಾಠದಲ್ಲಿ ನಮ್ಮ ಮಕ್ಕಳು ಇಷ್ಟನ್ನು ಕಲಿತರೆ, ಅವರು ಮಾಡಿದ ಹಣತೆ ಸೊಟ್ಟಗಾದರೂ ಚಿಂತೆಯಿಲ್ಲ.